ಗುಜರಿಯಿಂದ ತಂದ ಎಂಜಿನ್

ಗುಜರಿಯಿಂದ ಎಂಜಿನ್ ತರುವಾಗ ಅದು ಯಾರ ಗಾಡಿಯದೆಂದು ಕೇಳಬಾರದು. ನಮ್ಮ ಕಸುಬಿನ ರೂಢಿ ಅದು. ನಾನೂ ಕೇಳಲಿಲ್ಲ. ಜೇವರ್ಗಿಯಲ್ಲಿ ಅಗ್ಗಕ್ಕೆ ಸಿಕ್ಕ ಸಣ್ಣ ಲಾರಿಯ ಎಂಜಿನ್ನನ್ನು ಆಳಂದದ ನನ್ನ ಶೆಡ್ಡಿನಲ್ಲಿ ಅಪ್ಪನ ಹಳೆಯ ಅಂಬಾಸಿಡರ್‌ಗೆ ಕೂಡಿಸಿದೆ. ವೈರಿಂಗ್ ಪೂರ್ತಿ ಮುಗಿಯುವ ಮೊದಲೇ ಅಫಜಲಪುರದ ಕಡೆ ಓಡಿಸಿ ನೋಡಲು ಹೊರಟೆ.

ಅತನೂರಿನಲ್ಲಿ, ಸುಡುವ ಬಿಸಿಲಿನಲ್ಲಿ, ಒಂದು ಮನೆಯ ಮುಂದೆ ಎಂಜಿನ್ ತಾನಾಗಿ ನಿಂತಿತು. ಇಳಿದು ಬಾನೆಟ್ ಮುಟ್ಟಿದೆ. ನೀರಿನ ಹೂಜಿಯಂತೆ ತಣ್ಣಗಿತ್ತು.

ಮನೆಯೊಳಗಿಂದ ವಯಸ್ಸಾದ ಹೆಂಗಸೊಬ್ಬರು ನೀರಿನ ಚೆಂಬು ಹಿಡಿದು ಓಡಿಬಂದರು. ನನ್ನನ್ನು ನೋಡಿ ಅಲ್ಲೇ ನಿಂತರು.

“ನನ್ನ ಮಗ ಮಸೂದ ಲಾರಿ ತಂದಾಗೆಲ್ಲಾ ಹಿಂಗ ಉದ್ದಕ ಹಾರ್ನ್ ಹೊಡೀತಿದ್ನರಿ. ಜೇವರ್ಗಿ ಹಾದ್ಯಾಗ ಆಕ್ಸಿಡೆಂಟಾಗಿ ಹೋದ. ಈಗ ಅದೇ ಹಾರ್ನ್ ಕೇಳಿ ಬಂದೇನ್ರಿ.”

ಅವರು ಕೊಟ್ಟ ನೀರು ಕುಡಿದೆ. ಚೆಂಬು ಹಿಂದಕ್ಕೆ ಕೊಟ್ಟೆ. ಕಾರಿಗೆ ಹಾರ್ನನ್ನು ನಾನಿನ್ನೂ ಜೋಡಿಸಿರಲೇ ಇಲ್ಲ. ಅದು ಆಳಂದದ ಶೆಡ್ಡಿನಲ್ಲಿತ್ತು.