ಅವನಿಗೆ ತಲುಪದ ಘಮ

"ಆಹಾ, ಲ್ಯಾವೆಂಡರ್!" ಕಣ್ಣು ಮುಚ್ಚಿಕೊಂಡೇ ಹೇಳಿದ ಅವನು. "ನಿಮ್ಮ ಕೈಗುಣ ಮೇಡಂ. ಇವತ್ತು ಇನ್ನೂ ಚೆನ್ನಾಗಿದೆ."

ಅವಳು ಅವನ ಮೂಗಿನ ಬಳಿ ಹಿಡಿದಿದ್ದ ಹತ್ತಿಯಲ್ಲಿದ್ದದ್ದು ಕಿತ್ತಳೆ ಸಿಪ್ಪೆಯ ಎಣ್ಣೆ. ಆತುರದಲ್ಲಿ ಸೀಸೆ ಅದಲುಬದಲಾಗಿತ್ತು. ನಾಲಿಗೆ ಕಚ್ಚಿಕೊಂಡು ಕ್ಷಮೆ ಕೇಳಬೇಕೆನ್ನುವಷ್ಟರಲ್ಲಿ ಈ ಮಾತು. ಎಳೆ ಮಗುವಿಗೂ ತಿಳಿಯುವ ವಾಸನೆ ಅದು. ಇವನೋ, ಚಹಾ ಕಂಪನಿಯ ಟೇಸ್ಟರ್. ಒಂದು ಸಲ ಮೂಸಿ, ಒಂದು ಗುಟುಕು ಹೀರಿ, ಎಲೆ ಯಾವ ತೋಟದ್ದೆಂದು ಹೇಳುವವನು. ಅವಳು ಹತ್ತಿಯನ್ನು ಮೆಲ್ಲಗೆ ಕೆಳಗಿಳಿಸಿದಳು.

ಹಣೆಯ ಹಿಂದಿದ್ದ ಗಡ್ಡೆ ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ತಮ್ಮನಿಗೆ ನಿದ್ದೆಯೇ ಹತ್ತುತ್ತಿಲ್ಲವೆಂದು ಅವನ ಅಕ್ಕ ಅವಳನ್ನು ಕರೆಸಿದ್ದರು. ಸುಗಂಧ ಚಿಕಿತ್ಸೆ ಅವಳ ಕೆಲಸ. ಘಮ ಮನಸ್ಸನ್ನು ಹಗುರ ಮಾಡಿದರೆ ನಿದ್ದೆ ಬಂದೀತು, ನಿದ್ದೆ ಬಂದರೆ ಗಾಯ ಮಾಯಲು ಅನುಕೂಲ, ಅಷ್ಟೇ; ಅದಕ್ಕಿಂತ ಹೆಚ್ಚಿನ ಆಸೆಯನ್ನು ಅವಳು ಯಾರಿಗೂ ಹುಟ್ಟಿಸುತ್ತಿರಲಿಲ್ಲ. ಆದರೆ ಈ ಮಹಾರಾಯ, ಅವಳು ಕೂತು ನಾಲ್ಕು ಮಾತಾಡುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ನಡುವೆ ಎಚ್ಚರವಾದರೆ ಒಂದೇ ಕಣ್ಣು ತೆರೆದು, ಇನ್ನೂ ಇದ್ದಾಳಾ ಎಂದು ಕಳ್ಳನ ಹಾಗೆ ನೋಡುತ್ತಿದ್ದ. ಆ ನೋಟಕ್ಕಾಗಿ ಅವಳು ಉಳಿದ ರೋಗಿಗಳನ್ನು ಬೇಗಬೇಗ ಮುಗಿಸಿ ಓಡಿಬರತೊಡಗಿದ್ದಳು. ಇವತ್ತಿನ ಆತುರ ಯಾತರದೆಂದು ಬೇರೆ ಹೇಳಬೇಕೆ?

"ಇದು ಕಿತ್ತಳೆ," ಅಂದಳು ಮೆಲ್ಲಗೆ.

ಅವನ ಮುಖ ಇಳಿದುಹೋಯಿತು.

"ಯಾವಾಗಿಂದ ಹೀಗೆ?"

"ಆಪರೇಷನ್ ಆದಾಗಿಂದ. ವಾಸನೆಯ ನರ ಉಳಿಸೋಕೆ ಆಗ್ಲಿಲ್ಲ, ಇನ್ನು ವಾಪಸ್ ಬರಲ್ಲ ಅಂದ್ರು ಡಾಕ್ಟರ್. ಅಕ್ಕಂಗೆ ಹೇಳ್ಬೇಡಿ ಅಂತ ನಾನೇ ಕೈಮುಗಿದೆ."

"ನನಗ್ಯಾಕೆ ಸುಳ್ಳು ಹೇಳಿದ್ರಿ?"

"ಹೇಳಿದ್ರೆ ಮಾರನೇ ದಿನದಿಂದ ನೀವ್ಯಾಕೆ ಬರ್ತಿದ್ರಿ?" ನಗಲು ನೋಡಿದ, ಆಗಲಿಲ್ಲ. "ನಿದ್ದೆ ಬರ್ತಿದ್ದದ್ದು ಎಣ್ಣೆಯಿಂದ ಅಲ್ಲ. ನೀವು ಪಕ್ಕದಲ್ಲಿ ಕೂತಿದ್ದೀರಿ ಅನ್ನೋ ಧೈರ್ಯಕ್ಕೆ."

ಇಂಥ ಒಂದು ಮಾತಿಗಾಗಿ ಅವಳು ಒಳಗೊಳಗೇ ಎಷ್ಟು ಹಂಬಲಿಸಿದ್ದಳು! ಬಂದದ್ದು ಹೀಗೆ, ಅವನ ಅನ್ನದ ದಾರಿಯನ್ನೇ ನುಂಗಿಕೊಂಡು. ಅವನ ಕೈ ಹಿಡಿದುಕೊಂಡಳು.

"ಹಾಗಾದ್ರೆ ನಾನು ಎಲ್ಲೂ ಹೋಗಲ್ಲ. ನಿಮ್ಮ ಜೊತೇನೇ ಇರ್ತೀನಿ, ಜೀವನಪೂರ್ತಿ."

ಅವನ ಕಣ್ಣು ತುಂಬಿತು. ಅವಳ ಬೆರಳುಗಳನ್ನು ಒಂದೊಂದಾಗಿ ಸವರಿ, ಆಮೇಲೆ ಕೈ ಹಿಂದಕ್ಕೆಳೆದುಕೊಂಡ.

"ನೀವು ಕಾರಿಡಾರಿಗೆ ಕಾಲಿಟ್ರೆ ಸಾಕು, ನರ್ಸ್‌ಗಳೆಲ್ಲ 'ಘಮ ಬಂತು, ಮೇಡಂ ಬಂದ್ರು' ಅಂತಾರೆ. ಗೊತ್ತಾಗದೇ ಇರೋದು ನನಗೊಬ್ಬನಿಗೇ. ನಾಳೆ ದಿನಾ ಸಂಜೆ ನೀವು ಮನೆಗೆ ಬಂದಾಗಲೂ ಹಾಗೇ. ನಿಮ್ಮನ್ನ ನೋಡಿದಾಗೆಲ್ಲ ನಾನು ಕಳ್ಕೊಂಡದ್ದೇ ಎದುರಿಗೆ ಬಂದು ನಿಲ್ಲುತ್ತೆ."

"ಈ ಕೆಲಸಾನೇ ಬಿಟ್ಟುಬಿಡ್ತೀನಿ."

"ಹಾಳಾಗೋಕೆ ನಾನೊಬ್ಬ ಸಾಲದಾ? ಬೇಡ ಕಣೇ, ಹೋಗು."

ಅವನು ಅವಳನ್ನು ಮೊದಲ ಸಲ ಏಕವಚನದಲ್ಲಿ ಕರೆದದ್ದು, ಬೇಡ ಎನ್ನಲು. ಗೋಡೆಯ ಕಡೆ ತಿರುಗಿ ಮಲಗಿದ. ಅವನಿಗೆ ನಿದ್ದೆ ಬಂದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಕಾಯ್ದಳು, ಅವನು ತಿರುಗಲಿಲ್ಲ.

ಮರುದಿನ ಸಂಜೆ ತಡೆಯಲಾರದೆ ಮತ್ತೆ ಬಂದಳು. ರೂಮು ಖಾಲಿ. ಬೆಳಿಗ್ಗೆಯೇ ಡಿಸ್ಚಾರ್ಜ್ ಮಾಡಿಸಿಕೊಂಡು ಅಕ್ಕನ ಮನೆಗೆ ಹೋದನಂತೆ. ಹೋಗುವಾಗ ಏನಾದರೂ ಹೇಳಿದನೇ ಎಂದು ನರ್ಸನ್ನು ಕೇಳಿದಳು. ಏನೂ ಹೇಳಿರಲಿಲ್ಲ.

ಹಾಸಿಗೆಯ ಮೇಲೆ ದಿಂಬು ಇನ್ನೂ ಹಾಗೇ ಇತ್ತು. ನರ್ಸ್ ಅತ್ತ ತಿರುಗಿದ್ದೇ ತಡ, ಅದನ್ನು ಎತ್ತಿ ಮುಖ ಹುದುಗಿಸಿಕೊಂಡಳು. ಅವನದೊಂದಿಷ್ಟು ವಾಸನೆ ಸಿಕ್ಕರೆ ಸಾಕಿತ್ತು. ಎಷ್ಟು ಉಸಿರೆಳೆದುಕೊಂಡರೂ ಬಂದದ್ದು ಅವಳು ಸಂಜೆಸಂಜೆ ದಿಂಬಿಗೆ ಹಾಕಿದ್ದ ಎಣ್ಣೆಗಳ ಘಮವೇ. ಅದರಡಿಯಲ್ಲಿ ಅವನು ಎಲ್ಲೂ ಇರಲಿಲ್ಲ.

"ಮೇಡಂ, ಅದು ಒಗೆಯೋಕೆ ಹೋಗ್ಬೇಕು, ಕೊಡ್ತೀರಾ?" ಅಂದಳು ನರ್ಸ್.

ಕೊಟ್ಟಳು.