ಮಾರದೆ ಉಳಿದ ಸೌಟುಗಳು

ತಲೆ ಢಣ್ ಎಂದು ಬಾಗಿಲ ಮೇಲ್ಪಟ್ಟಿಗೆ ಬಡಿದು, ಕೈಯಲ್ಲಿದ್ದ ಕಟ್ಟು ಬಿಚ್ಚಿ, ಮರದ ಸೌಟುಗಳೆಲ್ಲ ಅವಳ ಕಾಲ ಬುಡಕ್ಕೆ ಚೆಲ್ಲಿದವು. ಅವನು ಮೊದಲ ಸಲ ಆ ಅಂಗಡಿಗೆ ಕಾಲಿಟ್ಟಿದ್ದು ಹಾಗೆ.

“ನೋಡ್ಕೊಂಡು ಬರ್ಬಾರ್ದಾ? ಇದು ದನಗಳಿಗೆ ಅಂತ ಮಾಡಿದ ಬಾಗಿಲು.”

“ಹಾಗಾದ್ರೆ ಸರಿಯಾದವನೇ ಬಂದಿದ್ದೀನಿ,” ಅಂದ, ಹಣೆ ಉಜ್ಜಿಕೊಳ್ಳುತ್ತಾ.

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಎಷ್ಟು ಕಾಲವಾಗಿತ್ತೋ...

ಅದು ಹೊಲದ ಅಂಚಿನ ಹಳೇ ಕೊಟ್ಟಿಗೆ. ಅವಳ ಅಣ್ಣ ಅದಕ್ಕೆ ಸುಣ್ಣ ಹೊಡೆಸಿ, ಸುತ್ತಲಿನವರು ಕೈಯಾರೆ ಮಾಡಿದ ಬುಟ್ಟಿ, ಬೊಂಬೆ, ಮಡಕೆಗಳನ್ನು ಉಡುಗೊರೆಗೆಂದು ಮಾರುವ ಅಂಗಡಿ ಮಾಡಿದ್ದ. ನಡುವೆ ಒಂದು ಉದ್ದನೆಯ ಮೇಜು. ಸಂಜೆಯಾದರೆ ಜನ ಅಲ್ಲಿ ಕೂತು ಚಹಾ ಕುಡಿಯುತ್ತಾ ಹರಟುವರು. ಎಲ್ಲರೂ ಬರುವರು, ಹೋಗುವರು. ಹೋಗದವಳು ಕೌಂಟರಿನ ಹಿಂದಿನ ಅವಳೊಬ್ಬಳೇ.

ಯಾರೂ ಅವಳನ್ನು ಕಟ್ಟಿಹಾಕಿರಲಿಲ್ಲ. “ನನ್ನ ತಂಗಿ ಇಲ್ದಿದ್ರೆ ಈ ಅಂಗಡಿ ಒಂದು ದಿನ ನಡೆಯಲ್ಲ,” ಎಂದು ಅಣ್ಣ ಎಲ್ಲರೆದುರು ಹೊಗಳುತ್ತಿದ್ದ, ಅಷ್ಟೇ. ಸಂಬಂಧ ಕೇಳಿ ಬಂದವರಿಗೂ ಅದನ್ನೇ ಹೇಳಿ ಕಳಿಸಿದ್ದ. ಹೊಗಳುವವರ ಜೊತೆ ಜಗಳವಾಡುವುದು ಹೇಗೆ?

‘ದನಗಳನ್ನಾದರೂ ಬೆಳಗಾದರೆ ಬಿಚ್ಚಿ ಬಿಡುತ್ತಿದ್ದರು...’ ಎಂದುಕೊಳ್ಳುವಳು.

ಅಂಗಡಿಯ ಕ್ರಮ ಸರಳ. ವಸ್ತು ಮಾರಿದರೆ ಅದರ ಹಣವನ್ನು ಅಣ್ಣನೇ ಮಾಡಿದವರ ಮನೆಗೆ ಮುಟ್ಟಿಸುವನು. ಸುಗ್ಗಿ ಮುಗಿದರೂ ಉಳಿದಿದ್ದನ್ನು ಮಾಡಿದವರೇ ಬಂದು ಒಯ್ಯಬೇಕು.

ಮೊದಲ ಸುಗ್ಗಿಗೆ ಅವನ ಸೌಟುಗಳೆಲ್ಲ ಖರ್ಚಾದವು. ಅವನು ಬರಲೇ ಇಲ್ಲ. ಹಣ ಮುಟ್ಟಿಸಲು ಹೋದ ಅಣ್ಣನೇ ಹೊಸ ಕಟ್ಟನ್ನೂ ತಂದ.

ಅವಳು ಅದನ್ನು ಕೌಂಟರಿನ ಕೆಳಗಿನ ಪೆಟ್ಟಿಗೆಗೆ ಹಾಕಿ, ಮೇಲೆ ಹಳೇ ಗೋಣಿಚೀಲ ಹೊದಿಸಿದಳು.

ಮುಂದಿನ ಸುಗ್ಗಿಗೆ ಅವನು ಬಂದ. “ಒಂದೂ ಹೋಗಿಲ್ವಾ?” ಅಂದ. ಆ ಬೇಸರದಲ್ಲೂ ಒಂದು ಗಳಿಗೆ ಕೂತು ಮಾತಾಡಿ, ಉಳಿದಿದ್ದನ್ನು ಎತ್ತಿಕೊಂಡು, ಹೊಸದನ್ನು ಕೊಟ್ಟು ಹೋದ. ಆ ಒಂದು ಗಳಿಗೆಯನ್ನೇ ಅವಳು ವರ್ಷವಿಡೀ ಮೆಲುಕು ಹಾಕಿದಳು. ಹೊಸ ಕಟ್ಟೂ ಪೆಟ್ಟಿಗೆ ಸೇರಿತು.

ಈ ಸಲ ಅವನ ಕೈ ಬರಿದಾಗಿತ್ತು.

“ಇರೋದನ್ನ ಕೊಡಿ, ಒಯ್ತೀನಿ. ಬಾಗಿಲು-ಕಿಟಕಿ ಕಾರ್ಖಾನೆಗೆ ಸೇರ್ತಿದ್ದೀನಿ, ದೂರದೂರು. ನನ್ನ ಕೈಕೆಲಸ ಯಾರಿಗೂ ಬೇಡ ಅಂತ ಕಾಣುತ್ತೆ.”

ಅವನಿಗೆ ಹೀಗನ್ನಿಸಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲವಲ್ಲ... ಬಾಯಿಬಿಟ್ಟರೆ ಮಾನ ಹೋಗುತ್ತದೆ. ಬಿಡದಿದ್ದರೆ ಅವನೇ ಹೋಗುತ್ತಾನೆ.

ಮೇಜಿನ ಬಳಿ ಸ್ವೆಟರ್ ಹೆಣೆಯುತ್ತಿದ್ದ ಅಜ್ಜಿಯೊಬ್ಬಳು ತಲೆಯೆತ್ತಿದಳು. “ಸೌಟಾ? ನಾನು ಕೇಳಿ ಕೇಳಿ ಸಾಕಾದೆ. ಈ ಹುಡುಗಿ ಇಲ್ಲ ಇಲ್ಲ ಅಂತಾನೇ ಇದ್ಳಲ್ಲಪ್ಪಾ.”

ಮೇಜಿನ ಸುತ್ತ ಕೂತವರೆಲ್ಲ ಅವಳತ್ತ ತಿರುಗಿದರು. ಅಣ್ಣನೂ ತಿರುಗಿ ನೋಡಿದ.

ಅವಳು ಬಗ್ಗಿ ಪೆಟ್ಟಿಗೆ ಎಳೆದಳು. ಚೀಲ ಸರಿಸಿದಳು.

“ಮುಚ್ಚಿಟ್ಟಿದ್ದು ನಾನೇ. ಮಾರಿದ್ರೆ ನೀವು ಬರಲ್ಲ. ನನಗೆ ಇಲ್ಲಿಂದ ಎಲ್ಲೂ ಹೋಗೋಕಾಗಲ್ಲ. ಇನ್ನೇನು ಮಾಡ್ಲಿ...”

ಅವನು ಒಂದು ಸೌಟನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ. “ಎರಡು ವರ್ಷ ನನ್ನ ಕೈನೇ ಬೈಕೊಂಡೆನಲ್ರೀ.”

“ತಪ್ಪಾಯ್ತು.”

“ನಾನೂ ದಡ್ಡನೇ. ಬರೀ ಸೌಟಿಗೋಸ್ಕರ ಇಷ್ಟು ದೂರ ಯಾರು ಬರ್ತಾರೆ? ಅಂಗಡಿ ಕ್ರಮ ಏನೇ ಇರ್ಲಿ, ಯಾರ ಕೈಲಾದ್ರೂ ಕಳಿಸಿ ಅನ್ನಬಹುದಿತ್ತು. ಅನ್ನಲಿಲ್ಲ.”

ಅವಳ ಕಣ್ಣು ತುಂಬಿತು.

“ಅಲ್ಲಮ್ಮಾ, ಅಂಗಡಿ...” ಅಣ್ಣ ರಾಗ ತೆಗೆದ.

“ನಾಳೆಯಿಂದ ಅರ್ಧ ದಿನ ನೀನು ಕೂತ್ಕೋ, ಅಣ್ಣ.”

“ಕೂತ್ಕೋತಾನೆ ಬಿಡು,” ಅಂದಳು ಅಜ್ಜಿ. “ಮೊದಲು ನನಗೊಂದು ಸೌಟು ಕೊಟ್ಟು ಹೋಗು.”

ಅಣ್ಣ ತಂಗಿಯ ಮುಖವನ್ನೇ ನೋಡುತ್ತಾ ನಿಂತ. ಆಮೇಲೆ ಕೌಂಟರಿನ ಅಡ್ಡಹಲಗೆಯನ್ನು ಎತ್ತಿ ಹಿಡಿದ. ಅವಳು ಹೊರಬಂದು, ಸೌಟಿನವನ ಜೊತೆ ಬಾಗಿಲ ಕಡೆ ಹೊರಟಳು.

“ಕಾರ್ಖಾನೆ?”

“ಅವರು ಬೇರೆ ಯಾರನ್ನಾದ್ರೂ ನೋಡ್ಕೋತಾರೆ.”

ಬಾಗಿಲು ಬಂತು.

“ತಲೆ ಜೋಪಾನ,” ಅಂದಳು ಮೆಲ್ಲಗೆ.

“ನೀವು ಹೇಳ್ತಾ ಇರಿ. ನಾನು ಬಗ್ತಾ ಇರ್ತೀನಿ.”