ಒಂದು ಗಾಜು, ನೂರಾ ಹದಿನೆಂಟು ನಕ್ಷತ್ರ

ಇನ್ನೊಂದು ಮೂಲೆ ಮಾತ್ರ ಉಳಿದಿತ್ತು. ಇರುವೆ ಹತ್ತಿಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಗಾಜಿನ ಆ ಮೂಲೆಯನ್ನು ಮೆಲ್ಲಗೆ ಉಜ್ಜಿದಳು. ಕೆಂಪು ಶಾಯಿ, ಕಪ್ಪು ಶಾಯಿ ಎರಡೂ ಕರಗಿ ಬಂದವು. ಗಾಜು ಫಳಫಳ ಹೊಳೆಯಿತು.

ಅಮ್ಮ ಬಂದು ನೋಡಲಿ, ಎಂದುಕೊಂಡಳು.

ಇರುವೆ ಎನ್ನುವುದು ಮನೆಯವರು ಇಟ್ಟ ಹೆಸರು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು, ಅದಕ್ಕೆ. ಶಾಲೆಯಲ್ಲಿ ನೀರಿನ ಪೈಪ್ ಒಡೆದು ಮೂರು ದಿನ ರಜೆ ಕೊಟ್ಟಿದ್ದರು. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಅಮ್ಮ ತಾನು ಕೆಲಸ ಮಾಡುವ ವೀಕ್ಷಣಾಲಯಕ್ಕೆ ಕರೆತಂದಿದ್ದಳು. ವೀಕ್ಷಣಾಲಯ ಎಂದರೆ ದೊಡ್ಡ ಟೆಲಿಸ್ಕೋಪ್ ಇರುವ ಜಾಗ. ಆದರೆ ಅಮ್ಮನ ಕೆಲಸ ಟೆಲಿಸ್ಕೋಪಿನ ಹತ್ತಿರ ಅಲ್ಲ, ನೆಲಮಾಳಿಗೆಯ ಗಾಜಿನ ಕೋಣೆಯಲ್ಲಿ.

ಆ ಕೋಣೆಯ ತುಂಬ ಕಪಾಟು. ಕಪಾಟಿನ ತುಂಬ ಕಾಗದದ ಕವರು. ಒಂದೊಂದು ಕವರಿನೊಳಗೂ ಒಂದೊಂದು ಗಾಜು. ಹಿಂದೆಲ್ಲ ಆಕಾಶದ ಫೋಟೊವನ್ನು ಗಾಜಿನ ಮೇಲೆಯೇ ತೆಗೆಯುತ್ತಿದ್ದರಂತೆ. ಗಾಜಿನ ಮಬ್ಬು ಬದಿಯಲ್ಲಿ ಫೋಟೊ. ನುಣುಪು ಬದಿಯಲ್ಲಿ ಯಾರೋ ಶಾಯಿಯಿಂದ ಬರೆದ ಸಣ್ಣ ಸಣ್ಣ ಗುರುತು. ಈಗ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಬೇಕು. ಶಾಯಿ ಅಡ್ಡ ಬರುತ್ತದೆ. ಅದನ್ನು ಒರೆಸುವುದೇ ಅಮ್ಮನ ಕೆಲಸ.

ಎರಡು ದಿನ ಕೂತು ನೋಡಿದ್ದ ಇರುವೆಗೆ ಕೆಲಸ ಪೂರ್ತಿ ಬಂದುಬಿಟ್ಟಿತ್ತು. ಮಬ್ಬು ಬದಿ ಮುಟ್ಟಬಾರದು. ಅಂಚು ಹಿಡಿಯಬೇಕು. ಮೇಜಿನ ಮೇಲೆ ಎರಡು ಟ್ರೇ ಇದ್ದವು. ಒಂದರ ಕವರುಗಳ ಮೇಲೆ ಹಸಿರು ಚೀಟಿ ಅಂಟಿಸಿತ್ತು, ಇನ್ನೊಂದರ ಮೇಲೆ ಏನೂ ಇರಲಿಲ್ಲ. ಹಸಿರು ಚೀಟಿ ಅಂದರೆ ಒರೆಸಿ ಮುಗಿದದ್ದು, ಅಂತ ಇರುವೆ ಲೆಕ್ಕ ಹಾಕಿದಳು. ಟೀಚರ್ ಹೋಂವರ್ಕ್ ನೋಡಿ ಟಿಕ್ ಹಾಕುವ ಹಾಗೆ. ಅಮ್ಮ ಸಹಿ ಹಾಕಲು ಮೇಲಿನ ಆಫೀಸಿಗೆ ಹೋದಾಗ, ಚೀಟಿ ಇಲ್ಲದ ಟ್ರೇಯಿಂದ ಮೊದಲನೆಯ ಗಾಜನ್ನು ಎತ್ತಿಕೊಂಡಿದ್ದಳು.

ಒರೆಸಿದ ಗಾಜನ್ನು ಒಣಗಿಸಿ, ಕವರಿಗೆ ಹಾಕಿ, ಇದ್ದಲ್ಲೇ ಇಟ್ಟಳು. ಅಷ್ಟರಲ್ಲಿ ಕ್ಯಾಮೆರಾದ ಅಣ್ಣ ಬಂದ. ಗಾಜುಗಳ ಫೋಟೊ ತೆಗೆಯುವವನು ಅವನೇ.

"ಏನ್ ಇರುವೆ, ಸಕ್ಕರೆ ಸಿಕ್ತಾ?"

"ಇಲ್ಲಿ ಎಲ್ಲಿ ಸಕ್ಕರೆ? ಬರೀ ಗಾಜು."

"ಹಾಗಾದ್ರೆ ಹಲ್ಲಿಗೆ ಒಳ್ಳೇದು ಬಿಡು." ಅಣ್ಣ ಚೀಟಿ ಇಲ್ಲದ ಟ್ರೇ ಎಳೆದುಕೊಂಡು ಮೊದಲ ಗಾಜನ್ನು ತೆಗೆದ. ದೀಪಕ್ಕೆ ಹಿಡಿದ. ಕವರ್ ನೋಡಿದ. ಮತ್ತೆ ಗಾಜು ನೋಡಿದ. "ಇದೇನಿದು? ಕವರ್ ಮೇಲೆ 'ಗುರುತು ನೂರಾ ಹದಿನೆಂಟು' ಅಂತಿದೆ. ಗಾಜಿನ ಮೇಲೆ ಒಂದೂ ಇಲ್ವಲ್ಲ."

ಇರುವೆ ಕವರನ್ನು ಇಣುಕಿ ನೋಡಿದಳು. "ಗುರುತು ಅಂದ್ರೆ ಏನಣ್ಣ?"

"ಎಂಬತ್ತು ವರ್ಷದ ಹಿಂದೆ ಇದೇ ಕೋಣೇಲಿ ಒಬ್ಬ ಹೆಂಗಸು ಕೆಲಸ ಮಾಡ್ತಿದ್ರು. ಒಂದೊಂದು ನಕ್ಷತ್ರಾನೂ ಭೂತಗನ್ನಡಿ ಇಟ್ಟು ನೋಡೋದು, ಇದು ಯಾವ ಗುಂಪಿಗೆ ಸೇರಿದ್ದು ಅಂತ ಪಕ್ಕದಲ್ಲಿ ಒಂದು ಅಕ್ಷರ ಬರೆಯೋದು. ಅಷ್ಟೇ ಕೆಲಸ. ಹೆಸರು ಯಾರಿಗೂ ಗೊತ್ತಿಲ್ಲ. ಅವರು ಬರೆದಿಟ್ಟ ಪುಸ್ತಕಗಳೆಲ್ಲ ಮೇಲಿನ ಕೋಣೇಲಿ ಸೋರೋ ಸೂರಿಗೆ ನೆನೆದು ಹಾಳಾದ್ವು. ಉಳಿದಿರೋದು ಗಾಜಿನ ಮೇಲೆ ಬರೆದದ್ದು ಮಾತ್ರ. ಅದಕ್ಕೇ ಮೊದಲು ನಾನು ಗುರುತಿನ ಫೋಟೊ ತೆಗೆದು ಹಸಿರು ಚೀಟಿ ಅಂಟಿಸೋದು. ಆಮೇಲೆ ನಿಮ್ಮಮ್ಮ ಒರೆಸೋದು."

ಇರುವೆ ತನ್ನ ಬೆರಳುಗಳನ್ನು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಕೆಂಪು ಶಾಯಿ ಇತ್ತು. ಕೈಯನ್ನು ಬೆನ್ನ ಹಿಂದೆ ಮಾಡಿದಳು.

ಅಣ್ಣ ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡಿದ. "ಗು-ರು-ತು ಹಾ-ಕಿ-ಲ್ಲ. ಮರ್ತಿರ್ಬೇಕು ಪುಣ್ಯಾತ್ಗಿತ್ತಿ. ಇಲ್ಲಾಂದ್ರೆ ಮಾಡದೇ ಇರೋ ಕೆಲಸಾನ ಮಾಡಿದೀನಿ ಅಂತ ಕವರ್ ಮೇಲೆ ಬರೆದು ಬೇಗ ಮನೆಗೆ ಹೋಗಿರ್ಬೇಕು. ಕಳ್ಳಿ." ನಕ್ಕ. ಕ್ಯಾಮೆರಾದ ವೈರ್ ತರಲು ಹೊರಗೆ ಹೋದ.

ಯಾರಿಗೂ ಗೊತ್ತಾಗುವುದಿಲ್ಲ. ಇರುವೆಗೆ ಮೊದಲು ಹೊಳೆದದ್ದು ಅದೇ. ಬೆಳಗ್ಗೆ ಬರುವಾಗ ಅಮ್ಮ ಹೇಳಿದ್ದು ಆಮೇಲೆ ನೆನಪಾಯಿತು: "ಇನ್ನು ಹತ್ತು ದಿನ ಕಳೆದ್ರೆ ಮೂರು ತಿಂಗಳಾಗುತ್ತೆ. ಆಗ ಕೆಲಸ ಖಾಯಂ. ಅಲ್ಲಿವರೆಗೂ ಏನೂ ಮುಟ್ಬೇಡ ಮಹಾರಾಯ್ತಿ."

ಸುಮ್ಮನಿದ್ದರೆ ಆಯಿತು. ಆದರೆ ಕಂಪ್ಯೂಟರಿನ ಪರದೆಯ ಮೇಲೆ ಆ ಎರಡು ಪದ ಹಾಗೇ ಇದ್ದವು. ಗುರುತು ಹಾಕಿಲ್ಲ. ಓದಿದಷ್ಟು ಸಲವೂ ಇರುವೆಯ ಕಿವಿ ಬಿಸಿಯಾಯಿತು.

ಅಮ್ಮ ಬಂದಳು. ಇರುವೆಯ ಮುಖ ನೋಡಿದ ಕೂಡಲೇ, "ಏನು ಮಾಡಿದೆ?" ಎಂದಳು.

ಇರುವೆ ಹೇಳಿದಳು.

ಅಮ್ಮ ಬೈಯಲಿಲ್ಲ. "ಎಷ್ಟು ಗಾಜು?"

"ಒಂದು."

"ನಿಜ ಹೇಳು."

"ಒಂದೇ ಅಮ್ಮ."

ಅಮ್ಮ ಒಣಗಿದ್ದ ಕೈಯನ್ನೇ ಬಟ್ಟೆಗೆ ಒರೆಸಿಕೊಂಡಳು, ಎರಡು ಸಲ. ಆಮೇಲೆ ಗಾಜನ್ನು ಕವರಿನ ಸಮೇತ ಎತ್ತಿಕೊಂಡಳು. "ಬಾ. ಅಲ್ಲಿ ನೀನು ಬಾಯಿ ಬಿಡ್ಬೇಡ."

ಪಕ್ಕದ ಕೋಣೆಯಲ್ಲಿ ಡಾಕ್ಟರಮ್ಮ ಇದ್ದರು. ಸೂಜಿ ಚುಚ್ಚುವ ಡಾಕ್ಟರ್ ಅಲ್ಲ, ನಕ್ಷತ್ರಗಳ ಬಗ್ಗೆ ಓದಿ ಡಾಕ್ಟರ್ ಆದವರು. ಇಡೀ ಗಾಜಿನ ಕೋಣೆಗೆ ಅವರೇ ಯಜಮಾನಿ. ಮೊನ್ನೆ ಇರುವೆ ಗೊತ್ತಿಲ್ಲದೆ ತನ್ನ ಮೊಣಕೈ ಗಾಯ ತೋರಿಸಿದಾಗ, "ನೀನು ನಕ್ಷತ್ರ ಆಗಿದ್ರೆ ಏನಾಗಿದೆ ಅಂತ ಹೇಳ್ತಿದ್ದೆ," ಅಂದಿದ್ದರು.

"ಮೇಡಂ," ಎಂದಳು ಅಮ್ಮ, "ಫೋಟೊಗೆ ಮುಂಚೆನೇ ಒಂದು ಗಾಜು ಒರೆಸಿಬಿಟ್ಟೆ. ನನ್ನ ತಪ್ಪು."

ಡಾಕ್ಟರಮ್ಮ ಗಾಜನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. "ನೀವಾ? ಎರಡೂವರೆ ತಿಂಗಳಲ್ಲಿ ಒಂದು ಸಲಾನೂ ಚೀಟಿ ನೋಡದೆ ಮುಟ್ಟಿದವರಲ್ಲ ನೀವು."

"ಇವತ್ತು ಗಮನ ತಪ್ಪಿತು."

"ಅಮ್ಮ ಅಲ್ಲ," ಎಂದಳು ಇರುವೆ. ಅಮ್ಮ ಅವಳ ಭುಜ ಹಿಡಿದಳು. ಆದರೂ ಮಾತು ಬಂದೇ ಬಂತು. "ನಾನು ಒರೆಸಿದ್ದು. ಅಮ್ಮ ಅಲ್ಲ, ಆಕೆನೂ ಅಲ್ಲ."

"ಯಾವ ಆಕೆ?"

"ಗುರುತು ಹಾಕಿದ್ರಲ್ಲ, ಅವರು. ಅವರು ಮರ್ತಿರ್ಲಿಲ್ಲ. ಕಳ್ಳಿನೂ ಅಲ್ಲ. ಗಾಜಿನ ತುಂಬ ಬರೆದಿದ್ರು. ನಾನು ನೋಡಿದೀನಿ."

ಅಮ್ಮನ ಕೈ ಭುಜದ ಮೇಲೆ ಹಾಗೇ ಇತ್ತು, ಆದರೆ ಹಿಡಿತ ಸಡಿಲವಾಗಿತ್ತು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದನ್ನ ವಾಪಸ್ ತರೋಕಾಗುತ್ತಾ?" ಇರುವೆ ಕೇಳಿದಳು.

"ಆಗಲ್ಲ."

ದೊಡ್ಡವರು ಇಂಥ ಹೊತ್ತಲ್ಲಿ 'ಪರವಾಗಿಲ್ಲ ಬಿಡು' ಅನ್ನುತ್ತಾರೆ. ಡಾಕ್ಟರಮ್ಮ ಅನ್ನಲಿಲ್ಲ. "ನಕ್ಷತ್ರಗಳಿಗೇನೂ ಆಗಿಲ್ಲ. ಆಕಾಶದಲ್ಲಿವೆ, ಗಾಜಿನ ಈ ಬದೀಲೂ ಇವೆ. ಬೇರೆಯವರೂ ಅವನ್ನ ಅಳೆದು ಪಟ್ಟಿ ಮಾಡಿದಾರೆ. ಹೋಗಿರೋದು ಆಕೆ ಏನು ನೋಡಿದ್ರು ಅನ್ನೋದು. ಅದು ಇನ್ನೆಲ್ಲೂ ಇರಲಿಲ್ಲ."

"ಅಣ್ಣ 'ಗುರುತು ಹಾಕಿಲ್ಲ' ಅಂತ ಬರೆದಿದಾನೆ. ಅದನ್ನ ಅಳಿಸ್ತೀರಾ?"

"ಇಲ್ಲಿ ಯಾವುದನ್ನೂ ಅಳಿಸಲ್ಲ. ತಪ್ಪಿದ್ರೆ ಮೇಲೊಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದು ಬರೀತೀವಿ. 'ಗುರುತು ನೂರಾ ಹದಿನೆಂಟು ಇತ್ತು. ಫೋಟೊಗೆ ಮುಂಚೆ ಒರೆಸಿಹೋಯಿತು.' ಹೇಗೆ, ಯಾರಿಂದ ಅಂತಲೂ ಬರೀಬೇಕು. ಆಫೀಸಿಗೂ ಹಾಗೇ ಹೇಳ್ತೀನಿ." ಅಮ್ಮನ ಕಡೆ ತಿರುಗಿದರು. "ಇನ್ನು ಮೇಲೆ ಮಗು ಈ ಕೋಣೆಗೆ ಬರೋದು ಬೇಡ. ನೀವು ಮುಂದಿನ ಟ್ರೇ ತಗೊಳ್ಳಿ."

ಅಮ್ಮನಿಗೆ ಅರ್ಥವಾಗಲಿಲ್ಲ. "ಮೇಡಂ, ನನ್ನ ಕೆಲಸ..."

"ಅದನ್ನೇ ಹೇಳಿದ್ದು. ಮುಂದಿನ ಟ್ರೇ."

ಅಮ್ಮ ತಲೆಯಾಡಿಸಿ ಹೋದಳು. ಬಾಗಿಲ ಆಚೆ ಸ್ವಲ್ಪ ಹೊತ್ತು ಹೆಜ್ಜೆಯ ಸದ್ದು ಕೇಳಲಿಲ್ಲ. ಆಮೇಲೆ ಕೇಳಿತು.

"ನೀನು ಕೂತ್ಕೊ," ಎಂದರು ಡಾಕ್ಟರಮ್ಮ. "ಸಂಜೆವರೆಗೂ ಟೈಮಿದೆ. ಆಕೆ ಏನು ಮಾಡ್ತಿದ್ರು ಅಂತ ನೋಡಿಬಿಡು."

ಕೆಳಗಿನಿಂದ ಬೆಳಕು ಬರುವ ಮೇಜು. ಅದರ ಮೇಲೆ ಆ ಗಾಜು. ಇರುವೆ ಭೂತಗನ್ನಡಿಯ ಮೇಲೆ ಬಗ್ಗಿದಳು. ಚುಕ್ಕೆಗಳಿರಲಿಲ್ಲ. ಗಾಜಿನ ತುಂಬ ಅಕ್ಕಿಕಾಳಿನಷ್ಟು ಉದ್ದದ ಕಪ್ಪು ಪಟ್ಟಿಗಳು. ಪಟ್ಟಿಗಳಿಗೆ ಅಡ್ಡಡ್ಡ ಬಿಳಿ ಗೆರೆಗಳು.

"ನಕ್ಷತ್ರ ಎಲ್ಲಿ?"

"ಒಂದೊಂದು ಪಟ್ಟಿಯೂ ಒಂದೊಂದು ನಕ್ಷತ್ರ. ಟೆಲಿಸ್ಕೋಪಿನ ಮುಂದೆ ಮೂರು ಮೂಲೆಯ ಗಾಜು ಇಟ್ರೆ ಬೆಳಕು ಕಾಮನಬಿಲ್ಲಿನ ಹಾಗೆ ಹರಡ್ಕೊಳುತ್ತೆ. ಬಣ್ಣ ಈ ಫೋಟೊದಲ್ಲಿ ಬರಲ್ಲ, ಗೆರೆ ಬರುತ್ತೆ. ಗೆರೆ ನೋಡಿದ್ರೆ ಆ ನಕ್ಷತ್ರ ಎಷ್ಟು ಬಿಸಿ ಅಂತ ಗೊತ್ತಾಗುತ್ತೆ. ಅಲ್ಲಿಗೆ ಹೋಗಿ ಥರ್ಮಾಮೀಟರ್ ಇಡೋಕಂತೂ ಆಗಲ್ಲ."

"ಕೆಂಪಾಗಿರೋದು ಜಾಸ್ತಿ ಬಿಸಿ ಅಲ್ವಾ? ಬಿಸಿನೀರಿನ ನಲ್ಲಿಗೆ ಕೆಂಪು ಗುರುತು ಇರುತ್ತೆ."

"ನಲ್ಲಿ ಮಾಡಿದವರು ನಕ್ಷತ್ರ ನೋಡಿಲ್ಲ. ಕಬ್ಬಿಣ ಕಾಯಿಸಿದ್ರೆ ಮೊದಲು ಕೆಂಪಾಗುತ್ತೆ, ಆಮೇಲೆ ಹಳದಿ, ಇನ್ನೂ ಕಾದ್ರೆ ಬಿಳಿ. ನಕ್ಷತ್ರದಲ್ಲೂ ಕೆಂಪೇ ಎಲ್ಲಕ್ಕಿಂತ ತಣ್ಣಗಿರೋದು." ಡಾಕ್ಟರಮ್ಮ ಒಂದು ಕಾಗದದ ಮೇಲೆ ಬಿಸಿಯಿಂದ ತಣ್ಣಗೆ ಅಕ್ಷರಗಳನ್ನು ಬರೆದರು. ಓ, ಬಿ, ಎ, ಎಫ್, ಜಿ, ಕೆ, ಎಂ.

"ಎಬಿಸಿಡಿ ತಪ್ಪಿದೆ."

"ಮೊದಲು ಗೆರೆ ನೋಡಿ ಎ, ಬಿ, ಸಿ ಅಂತ ಸರಿಯಾಗೇ ಇಟ್ಟಿದ್ರು. ಬಿಸಿಯ ಲೆಕ್ಕ ಆಮೇಲೆ ತಿಳಿದದ್ದು. ಕೆಲವು ಅಕ್ಷರ ಬಿಟ್ಟರು, ಉಳಿದವನ್ನ ಹಿಂದೆ ಮುಂದೆ ಮಾಡಿದ್ರು. ಹೆಸರು ಬದಲಾಯಿಸ್ಲಿಲ್ಲ."

ಇರುವೆ ಯೋಚಿಸಿದಳು. "ನಮ್ಮ ಕ್ಲಾಸಲ್ಲಿ ಹಾಜರಿ ನಂಬರ್ ಪ್ರಕಾರ ಒಂದು ಸಾಲು ಇರುತ್ತೆ, ಪಿ.ಟಿ.ಗೆ ಎತ್ತರದ ಪ್ರಕಾರ ನಿಲ್ಲಿಸಿದ್ರೆ ಬೇರೆ ಸಾಲಾಗುತ್ತೆ. ಹಾಗಾ?"

"ಹಾಗೇ." ಅವರು ಮೂರು ಮಾದರಿ ತೋರಿಸಿದರು. ಕೆಲವೇ ದಪ್ಪ ಗೆರೆ ಇದ್ದರೆ ಎ, ಬಿಳಿ ನಕ್ಷತ್ರ. ಸಣ್ಣ ಗೆರೆಗಳ ಗುಂಪೇ ಇದ್ದರೆ ಜಿ, ನಮ್ಮ ಸೂರ್ಯನ ಹಾಗೆ. ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಎಂ, ಕೆಂಪು. ಮಿಕ್ಕವು ಇವುಗಳ ಅಕ್ಕಪಕ್ಕ. "ಮೇಲಿನ ಮೂಲೆಯಿಂದ ಶುರು ಮಾಡು. ಪೆನ್ಸಿಲಲ್ಲಿ, ಈ ಕಾಗದದ ಮೇಲೆ. ಗಾಜು ಮುಟ್ಬೇಡ."

ಮೊದಲನೆಯದು ಸುಲಭ ಅನ್ನಿಸಿತು. "ಎ," ಎಂದಳು.

"ಯಾಕೆ?"

"ದಪ್ಪ ಗೆರೆ ಇದೆ."

"ಎಷ್ಟು ದಪ್ಪ? ಮಾದರಿಗಿಂತ ಹೆಚ್ಚೋ ಕಮ್ಮಿಯೋ? ಮಧ್ಯದಲ್ಲಿ ಬೇರೆ ಗೆರೆ ಇಲ್ವಾ?"

ಇರುವೆ ಮತ್ತೆ ಬಗ್ಗಿದಳು. ಉಸಿರು ಬಿಟ್ಟರೆ ಭೂತಗನ್ನಡಿ ಮಂಜಾಗುತ್ತಿತ್ತು. ಉಸಿರು ಹಿಡಿದು ನೋಡಿದಾಗ ದಪ್ಪ ಗೆರೆಗಳ ನಡುವೆ ಕೂದಲಿನಂಥ ಗೆರೆಗಳು ಒಂದೊಂದಾಗಿ ಕಂಡವು. ಎಣಿಸಿದಳು. ಲೆಕ್ಕ ತಪ್ಪಿತು. ಮತ್ತೆ ಎಣಿಸಿದಳು. ಎ ಅಲ್ಲ, ಎಫ್ ಇರಬೇಕು. ಇರಬೇಕು ಅಷ್ಟೇ, ಗಟ್ಟಿಯಾಗಿ ಹೇಳಲು ಇನ್ನೊಂದು ಸಲ ನೋಡಬೇಕಾಯಿತು.

ಎರಡನೆಯದಕ್ಕೆ ಇನ್ನೂ ಹೊತ್ತು ಹಿಡಿಯಿತು. ನಾಲ್ಕನೆಯದನ್ನು ಬರೆದು, ಐದನೆಯದನ್ನು ನೋಡಿದ ಮೇಲೆ, ನಾಲ್ಕನೆಯದು ತಪ್ಪು ಅನ್ನಿಸಿತು. ರಬ್ಬರಿಗೆ ಕೈಹಾಕಿದವಳು ನಿಂತಳು. ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆದಳು. ಡಾಕ್ಟರಮ್ಮ ನೋಡಿ, ಮಾದರಿಗಳನ್ನು ಅವಳ ಹತ್ತಿರಕ್ಕೆ ಸರಿಸಿದರು.

ಕ್ಯಾಮೆರಾದ ಅಣ್ಣ ಬಾಗಿಲಲ್ಲಿ ಇಣುಕಿದ. ವಿಷಯ ಅವನಿಗೂ ಗೊತ್ತಾಗಿತ್ತು. "ಕಂಪ್ಯೂಟರಲ್ಲಿ ಸರಿ ಮಾಡಿದೆ ಮೇಡಂ," ಎಂದ. ಮತ್ತೆ, ಯಾರಿಗೂ ಅಲ್ಲದ ಹಾಗೆ, "ನಾನೂ ಸುಮ್ನೆ ಆ ಮಾತು ಅಂದ್ಬಿಟ್ಟೆ," ಎಂದು ಹೊರಟುಹೋದ.

ಐದು ಗಂಟೆಗೆ ಅಮ್ಮ ಬಂದಳು. "ಎಷ್ಟಾಯ್ತು?"

"ಒಂಬತ್ತು."

"ಎಷ್ಟರಲ್ಲಿ?"

"ನೂರಾ ಹದಿನೆಂಟರಲ್ಲಿ."

ಡಾಕ್ಟರಮ್ಮ ಕಾಗದ ತೆಗೆದುಕೊಂಡು ಒಂಬತ್ತನ್ನೂ ಬೇರೆಯವರು ಅಳೆದು ಮಾಡಿದ ಪಟ್ಟಿಯ ಜೊತೆ ಹೋಲಿಸಿದರು. "ಆರು ಸರಿ," ಎಂದರು. ಕೆಳಗೆ ತಾರೀಕು ಹಾಕಿ, ಕಾಗದವನ್ನು ಮಡಚಿ ಅದೇ ಗಾಜಿನ ಕವರಿನೊಳಗೆ ಇಟ್ಟರು. ಇರುವೆ ಅದನ್ನು ಕೊನೆಯ ಸಲ ನೋಡಿದಳು. ಹೊರಡುವಾಗ ನೋಡಿದರೆ, ಗಾಜಿನ ಕೋಣೆಯ ಒಂದೇ ಕಪಾಟಿನಲ್ಲಿ ಅಂಥ ಕವರುಗಳು ಸೂರಿನ ತನಕ ಇದ್ದವು. ಎಲ್ಲದರ ಮೇಲೂ ಅದೇ ಕೈಬರಹ.

ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಬೆಂಚಿನ ಮೇಲೆ ಕೂತ ಮೇಲೆ ಇರುವೆ ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿದಳು.

"ಏನಾಯ್ತು?"

"ಕತ್ತು ಸೆಟೆದುಹೋಗಿದೆ."

"ಬಗ್ಗಿ ಕೂತಿದ್ದೆಯಲ್ಲ ಅಷ್ಟು ಹೊತ್ತು. ಮನೆಗೆ ಹೋಗಿ ಬಿಸಿನೀರಿನ ಶಾಖ ಕೊಡ್ತೀನಿ."

ರಸ್ತೆಯಲ್ಲಿ ಎರಡು ಸೈಕಲ್ ಹೋದವು.

"ಅಮ್ಮಾ, ಆಕೆಗೆ ಶಾಖ ಯಾರು ಕೊಡ್ತಿದ್ರು?"

ಅಮ್ಮ ಇನ್ನಷ್ಟು ಹತ್ತಿರ ಸರಿದಳು. ಶಾಯಿಯ ವಾಸನೆ ಇನ್ನೂ ಹೋಗದ ಕೈಯನ್ನು ಮಗಳ ಕತ್ತಿನ ಮೇಲಿಟ್ಟು, ಬಸ್ಸು ಬರುವ ತನಕ ಹಾಗೇ ಒತ್ತುತ್ತ ಕೂತಳು.